ಹದಿನೈದರ ಗಾಳಿ

ಡೇಟಾ ಸೆಂಟರಿನ ಒಳಗೆ ದೀಪ ಉರಿಯುವುದಿಲ್ಲ ಎಂಬ ಸುದ್ದಿ ತೆಲಂಗಾಣದ ಗಡಿಯ ಕೃಷ್ಣಾ ಮಂಡಲದ ಊರುಗಳಿಗೆಲ್ಲ ಹಬ್ಬಿದ್ದು ಅದರ ಪ್ರಾರಂಭದ ದಿನವೇ. ಹೈದರಾಬಾದಿನಿಂದ ದೊಡ್ಡವರು ಬಂದಿದ್ದರು. ಬಾಗಿಲಿಗೆ ಮಾವಿನ ತೋರಣ, ಸೇವಂತಿಗೆ ಸರ, ಕಾಯಿ ಕರ್ಪೂರ ಎಲ್ಲವೂ ಇತ್ತು. ಮಕ್ತಲ್‌ನಿಂದ ಕರೆಸಿದ್ದ ಅಯ್ಯನವರು ಹಚ್ಚಿದ ಹಣತೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲು ಮುಂದಿಟ್ಟು, ಯಂತ್ರಗಳ ಹಾಲ್‌ನೊಳಗೆ ಹೆಜ್ಜೆ ಹಾಕಿದರು. ದೀಪ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಅಯ್ಯನವರು ಹಿಂದೆ ಬಂದು ಮತ್ತೆ ಹಚ್ಚಿಕೊಂಡು ಹೋದರು. ಮತ್ತೆ ಆರಿತು. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಅಪಶಕುನ ಎಂಬ ಮಾತು ಯಾರ ಬಾಯಿಂದ ಮೊದಲು ಬಿತ್ತೋ, ಅಂತೂ ಬಿತ್ತು.

ಆಗ ನಕ್ಕವನು ಪುಣೆಯಿಂದ ಬಂದಿದ್ದ ತರಬೇತುದಾರ. ಶಕುನವೂ ಇಲ್ಲ, ಅಪಶಕುನವೂ ಇಲ್ಲ ಎಂದ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ಇಪ್ಪತ್ತೊಂದು ಪಾಲು ಆಮ್ಲಜನಕ. ಈ ಹಾಲ್‌ನಲ್ಲಿ ಅದನ್ನು ಬೇಕೆಂದೇ ಹದಿನೈದಕ್ಕೆ ಇಳಿಸಿ, ಉಳಿದದ್ದಕ್ಕೆ ಸಾರಜನಕ ತುಂಬಿದೆ. ಬೆಂಕಿ ಬಿದ್ದ ಮೇಲೆ ಆರಿಸುವುದು ಹಳೆಯ ಕಾಲ, ಬೆಂಕಿ ಹುಟ್ಟಲೇ ಬಾರದು ಎನ್ನುವುದು ಈಗಿನ ಪದ್ಧತಿ. ಅವನು ಜೇಬಿನಿಂದ ಲೈಟರ್ ತೆಗೆದು ಒಳಗೆ ನಿಂತು ಚಟಚಟ ಒತ್ತಿದ. ಕಿಡಿ ಹಾರಿತು, ಉರಿ ಬರಲಿಲ್ಲ. "ನೋಡಿ, ಬೆಂಕಿ ಸಾಯುತ್ತದೆ, ಮನುಷ್ಯ ಬದುಕುತ್ತಾನೆ," ಎಂದ. ದೊಡ್ಡವರು ಚಪ್ಪಾಳೆ ತಟ್ಟಿದರು.

ಅವರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗುರುಲಿಂಗ. ಮಕ್ತಲ್ ಬಸ್ ಸ್ಟ್ಯಾಂಡಿನ ಹತ್ತಿರ ಕಾಳುಕಡಿ ಅಂಗಡಿ ಇಟ್ಟಿರುವ ಕರಿಬಸಯ್ಯನ ಮಗ. ಗದ್ವಾಲದಲ್ಲಿ ಡಿಪ್ಲೊಮಾ ಮುಗಿಸಿದ ಇವನನ್ನು ಕಂಪನಿ ಆಗಷ್ಟೇ ತೆಗೆದುಕೊಂಡಿತ್ತು. ಆ ಹಾಲ್‌ನಲ್ಲಿ ಕೂತು ಕೆಲಸ ಮಾಡುವವರು ಯಾರೂ ಇಲ್ಲ. ಒಳಗೆಲ್ಲ ಕತ್ತಲು. ಸಾಲು ಸಾಲು ಕಪಾಟುಗಳ ನಡುವೆ ಕ್ಯಾಮೆರಾ ಹೊತ್ತ ಒಂದು ಗಾಲಿಯಂತ್ರ ಓಡಾಡಿಕೊಂಡಿರುತ್ತದೆ, ಉಸ್ತುವಾರಿಯೆಲ್ಲ ಹೈದರಾಬಾದಿನಿಂದ. ಯಂತ್ರದ ಯಾವುದೋ ಭಾಗ ಕೆಟ್ಟು ಕೈಯಿಂದಲೇ ಬದಲಿಸಬೇಕಾದಾಗ ಮಾತ್ರ ಮನುಷ್ಯ ಬೇಕು. ಹಾಗೆ ಹೋಗುವ ನಾಲ್ಕಾರು ಜನಕ್ಕೆ ತೆಳುಗಾಳಿ ತಂಡ ಎಂದು ಹೆಸರು. ಡಾಕ್ಟರರು ಎದೆ, ರಕ್ತ, ಉಸಿರು ಎಲ್ಲ ನೋಡಿ ಮಂಜೂರು ಮಾಡಿದವರು ಮಾತ್ರ, ಸೊಂಟಕ್ಕೆ ಗಾಳಿ ಅಳೆಯುವ ಮೀಟರ್ ಕಟ್ಟಿಕೊಂಡು, ಸ್ವಲ್ಪ ಹೊತ್ತು ಹೋಗಿ ಬರಬೇಕು. ಗುರುಲಿಂಗ ಆ ತಂಡದವನು.

ಅವನಿಗೆ ಇದು ತಲೆಗೇರಿತ್ತು ಎಂದರೆ ತಪ್ಪಿಲ್ಲ. ಮಕ್ತಲ್‌ನ ಚಹಾದಂಗಡಿಯಲ್ಲಿ ಕೂತು, ದೀಪ ಸಾಯುವ ಜಾಗದಲ್ಲಿ ತಾನು ದಿನಾ ಓಡಾಡಿ ಬರುವ ಕಥೆ ಹೇಳುತ್ತಿದ್ದ. ಹಣೆಯ ವಿಭೂತಿ, ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ, ಎರಡನ್ನೂ ಒಂದೇ ಗತ್ತಿನಲ್ಲಿ ಧರಿಸುತ್ತಿದ್ದ. ಕೇಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅರ್ಧ ತುಂಬಿದ ಕೊಡ ತುಳುಕುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಆಗ ಯಾರಿಗೂ ಅದರಿಂದ ಕೇಡು ಕಾಣಲಿಲ್ಲ, ಹಾಗಾಗಿ ಯಾರೂ ಅವನನ್ನು ತಡೆಯಲಿಲ್ಲ.

ಕೇಳುವವರಲ್ಲಿ ಎಲ್ಲರಿಗಿಂತ ಹೆಚ್ಚು ನಂಬುತ್ತಿದ್ದವನು ಲಕ್ಷ್ಮಣ್. ಇಬ್ಬರೂ ಒಂದೇ ಕನ್ನಡ ಶಾಲೆಯ ಹಿಂದಿನ ಬೆಂಚಿನವರು. ಶಾಲೆ ಬಿಟ್ಟ ಮೇಲೆ ಗುರುಲಿಂಗ ಗದ್ವಾಲಕ್ಕೆ ಹೋದ, ಲಕ್ಷ್ಮಣ್ ವಲಸೆ ಹೋಗುವ ಎಲ್ಲ ಪಾಲಮೂರು ಸೀಮೆಯ ಕೂಲಿಗಳ ಹಾಗೆ ಪುಣೆಗೆ ಹೋಗಿ ಬೇರೆಯವರ ಮನೆಗಳಿಗೆ ಕಲ್ಲು, ಸಿಮೆಂಟು ಹೊತ್ತ. ಕಂಪನಿ ಬಂತೆಂದು ಕೇಳಿ ಹಿಂದಿರುಗಿದ. ಅವನ ಅಜ್ಜನ ಹೊಲವೇ ಕಂಪನಿಯ ಬೇಲಿಯೊಳಗೆ ಸೇರಿತ್ತು. ಆ ಹೊಲದಲ್ಲೇ ಈಗ ಕಂತ್ರಾಟುದಾರನ ಕೈಕೆಳಗೆ ಪೈಪು ಹೂಳುವ ಕೂಲಿ ಮಾಡುತ್ತಿದ್ದ. ಮದುವೆಯಾಗಿರಲಿಲ್ಲ, ಮನೆಯಲ್ಲಿ ತಾಯಿ ಜಮ್ಮುಲಮ್ಮ ಒಬ್ಬಳೇ. ಬಿಸಿಲಿನ ಕೂಲಿ ಬಿಟ್ಟು ಹೇಗಾದರೂ ಒಳಗಿನ ಕೆಲಸಕ್ಕೆ ಸೇರಬೇಕು ಎನ್ನುವುದು ಅವನ ಆಸೆ. ಸೇರಿಸುತ್ತೇನೆ ಎಂದು ಗುರುಲಿಂಗ ಮಾತು ಕೊಟ್ಟಿದ್ದ. ಮಾತು ಕೊಟ್ಟದ್ದು ಜಂಬಕ್ಕಲ್ಲ, ಗೆಳೆಯನ ಮೇಲೆ ಅವನಿಗೆ ನಿಜಕ್ಕೂ ಜೀವವಿತ್ತು.

ಕಂಪನಿಯ ಎರಡನೇ ಹಂತ ಶುರುವಾಗಿತ್ತು. ಹೊಸದಾಗಿ ಬರುತ್ತಿದ್ದವು ಕೃತಕ ಬುದ್ಧಿಯ ಯಂತ್ರಗಳು. ಅವುಗಳ ಕಾವಿಗೆ ಬರೀ ತಂಪು ಗಾಳಿ ಸಾಲದು. ಒಂದೊಂದು ಚಿಪ್‌ನ ನೆತ್ತಿಗೂ ಪೈಪಿನಲ್ಲಿ ತಣ್ಣನೆಯ ದ್ರವ ಹರಿಯಬೇಕು. ಆ ಪೈಪಿಗಾಗಿ ಕರಿಮಣ್ಣಿನಲ್ಲಿ ಕಾಲುವೆ ತೋಡುತ್ತಿದ್ದಾಗ ಒಂದು ದಿನ ಜೆಸಿಬಿಯ ಹಲ್ಲು ಟೊಳ್ಳಿಗೆ ಬಡಿಯಿತು. ಮಣ್ಣು ಕುಸಿದು ಒಂದು ಗುಂಡನೆಯ ಬಾಯಿ ತೆರೆಯಿತು. ಹಗೇವು. ತೆಲುಗರು ಪಾತರ ಎನ್ನುವ, ನೆಲದೊಳಗೆ ಜೋಳ ತುಂಬಿಡುವ ಹಳೆಯ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ, ಆಳ ಎರಡಾಳು ಮೀರಿತ್ತು. ಲಕ್ಷ್ಮಣನ ಅಜ್ಜ ಮುಚ್ಚಿಟ್ಟು ಮರೆತದ್ದೋ, ಯಾರಿಗೂ ಹೇಳದೆ ಸತ್ತದ್ದೋ, ಈಗ ಹೇಳುವವರಿಲ್ಲ.

ಲಕ್ಷ್ಮಣ್ ತಾಯಿಗೆ ಫೋನು ಮಾಡಿದ. ಜಮ್ಮುಲಮ್ಮ ಅತ್ತಳು, ಅತ್ತಮೇಲೆ ಒಂದು ಮಾತು ಹೇಳಿದಳು. ಅವರ ಮನೆತನದಲ್ಲಿ ಒಂದು ನೇಮ ಇತ್ತು. ಹಗೇವನ್ನು ಕಾಯಂ ಮುಚ್ಚುವಾಗ ಕೊನೆಯ ಹಿಡಿ ಕಾಳನ್ನು ಮನೆಯವರೇ ಕೈಯಾರೆ ತೆಗೆಯಬೇಕು. ಹಾಗೇ ಮುಚ್ಚಿದರೆ ಕಾಳನ್ನು ಜೀವಂತ ಹೂಳಿದ ಪಾಪ. "ಹೊಲ ಅಂತೂ ಹೋತು, ಒಂದು ಹಿಡಿ ಜೋಳನಾದ್ರೂ ಮನಿಗೆ ಬರಲಿ. ತಗೊಂಡು ಬಾ, ನನ್ನಪ್ಪ," ಎಂದಳು. ಫೋನಿಡುವ ಮುಂಚೆ, "ದೀಪ ಬಿಟ್ಟು ನೋಡು ಮತ್ತ. ದೀಪ ಆರಿದ್ರ ಬ್ಯಾಡ, ಹಂಗೇ ಬಂದ್ಬಿಡು," ಎಂದೂ ಸೇರಿಸಿದಳು. ಇದನ್ನು ಆ ಸೀಮೆಯಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳು ಕೊಳೆತು ಗಾಳಿ ಕೆಡುತ್ತದೆ. ಕೆಟ್ಟ ಗಾಳಿಗೆ ಇಳಿದವರು ಏಳುವುದಿಲ್ಲ.

ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಗುರುಲಿಂಗನನ್ನು ಲಕ್ಷ್ಮಣನೇ ಕರೆದ. ಕೂಲಿಗಳೆಲ್ಲ ಬುತ್ತಿ ಬಿಚ್ಚಲು ಶೆಡ್ಡಿಗೆ ಹೋಗಿದ್ದರು. ಹಗೇವಿನ ಬಾಯಿಯ ಬಳಿ ಇದ್ದವರು ಲಕ್ಷ್ಮಣ್, ಮೇಸ್ತ್ರಿ ಖಂಡಪ್ಪ, ಎರಡನೇ ಹಂತದ ಎಂಜಿನಿಯರ್ ಕಲ್ಯಾಣ್. ಕಲ್ಯಾಣ್ ಖಮ್ಮಂ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುವವನು. ತೆಳುಗಾಳಿ ತಂಡಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಅವನ ಮಾತಿಗೆ ತೂಕವಿತ್ತು.

ಖಂಡಪ್ಪ ಹಣತೆ ಹಚ್ಚಿ ಬಕೀಟಿನೊಳಗಿಟ್ಟು ಸಣ್ಣ ಹುರಿಯಿಂದ ಕೆಳಗೆ ಬಿಟ್ಟ. ಕತ್ತು ದಾಟುವತನಕ ಉರಿಯಿತು, ಹೊಟ್ಟೆಗೆ ಇಳಿಯುತ್ತಲೇ ನೀಲಿಯಾಗಿ ಆರಿತು.

"ಆತು ಬಿಡ್ರಿ. ಕೆಟ್ಟ ಗಾಳಿ ಐತಿ," ಎಂದ ಖಂಡಪ್ಪ. "ಇವತ್ತು ಬಾಯಿ ತೆರೆದು ಬಿಡೂನು. ಬೇವಿನ ತೊಪ್ಪಲು ಇಳಿಸಿ ಎತ್ತಿ, ಇಳಿಸಿ ಎತ್ತಿ ಗಾಳಿ ಆಡಸೂನು. ನಾಳಿ ಮತ್ತ ದೀಪ ಬಿಟ್ಟು ನೋಡೂನು."

"ನಾಳೆ ಎಕ್ಕಡ ಖಂಡಪ್ಪ?" ಎಂದ ಕಲ್ಯಾಣ್. "ಕಾಂಕ್ರೀಟ್ ಲಾರಿ ಗದ್ವಾಲ ಬಿಟ್ಟೈತಿ. ಇವತ್ತು ಈ ಗುಂಡಿ ತುಂಬಬೇಕು. ಲಾರಿ ನಿಂತ್ರೆ ಮಾಲು ಗಟ್ಟಿ ಆಗ್ತದೆ, ಆಮೇಲೆ ಜವಾಬು ಎವರು? ಕಾಳು ಬೇಕಿದ್ರೆ ಲಾರಿ ಬರೋ ಒಳಗೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ." ಅಷ್ಟು ಹೇಳುವಷ್ಟರಲ್ಲಿ ಲಾರಿಯವನದೇ ಫೋನು ಬಂತು. ಕಲ್ಯಾಣ್ ಕಿವಿಗಿಟ್ಟುಕೊಂಡು ಬೇಲಿಯ ಕಡೆಗೆ ನಡೆದ.

ಖಂಡಪ್ಪ ಗೊಣಗಿದ. ಇದ್ದ ಹೊತ್ತಿನಲ್ಲಿ ಆದಷ್ಟು ಗಾಳಿ ಆಡಿಸೋಣ ಎಂದು ಬೇವಿನ ಕೊಂಬೆ, ದಪ್ಪ ಹಗ್ಗ ತರಲು ಶೆಡ್ಡಿಗೆ ಹೊರಟ. "ನಾ ಬರೂತನಾ ಯಾರೂ ಇಳಿಬ್ಯಾಡ್ರಿ," ಎಂದು ತಿರುಗಿ ನೋಡಿ ಹೇಳಿಯೇ ಹೋದ.

ಉಳಿದವರು ಗೆಳೆಯರಿಬ್ಬರು. ಲಕ್ಷ್ಮಣ್ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ಬ್ಯಾಡ ಬಿಡಲೇ. ದೀಪ ಆರಿತು ಅಂತ ಅವ್ವಗ ಹೇಳ್ತೀನಿ. ಆಕಿನೂ ಹಂಗೇ ಹೇಳ್ಯಾಳ," ಎಂದ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯುತ್ತಿತ್ತು ಕೂಡ. ಲಕ್ಷ್ಮಣ್ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಗುರುಲಿಂಗ ಸುಮ್ಮನಿದ್ದಿದ್ದರೆ ಇವತ್ತಿಗೂ ಲಕ್ಷ್ಮಣ್ ಮಕ್ತಲ್‌ನ ಚಹಾದಂಗಡಿಯಲ್ಲಿ ಕೂತಿರುತ್ತಿದ್ದ.

"ಹುಚ್ಚಪ್ಪಾ," ಎಂದು ನಕ್ಕ ಗುರುಲಿಂಗ. "ನಮ್ಮ ಹಾಲ್‌ನಾಗೂ ದೀಪ ಆರತೈತಿ. ನಾ ಸತ್ತೀನೇನು? ದಿನಾ ಹೋಗಿ ಬರ್ತೀನಿ. ದೀಪಕ್ಕ ಬೇಕಾಗೋದು ಬ್ಯಾರೆ, ಮನಷ್ಯಾಗ ಬೇಕಾಗೋದು ಬ್ಯಾರೆ. ಇವರು ಮುದುಕರು, ಇವರಿಗೆ ಗೊತ್ತಿಲ್ಲ."

"ಅದು ಮಷೀನಿನ ಗಾಳಿ. ಇದು ಹಗೇವಿಂದು."

"ಗಾಳಿ ಎಲ್ಲಾ ಒಂದೇ. ಕಡಿಮಿ ಇದ್ರ ಸ್ವಲ್ಪ ತಲಿ ಭಾರ ಆಗತೈತಿ, ಅಷ್ಟ. ಭಾರ ಆತು ಅಂದ್ರ ಹತ್ತಿ ಬಂದ್ಬಿಡು. ನಮಗೂ ಹಂಗೇ ಕಲಿಸ್ಯಾರ." ಬೇಲಿಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಕಲ್ಯಾಣ್ ಸಾರ್ ಇಲ್ಲೇ ಅದಾರ. ದೀಪ ಆರಿದಲ್ಲಿ ಇಳಿದು ಬಂದಾನ ಅಂದ್ರ ತಂಡಕ್ಕ ನಿನ್ನ ಹೆಸರು ಹೇಳಾಕ ನನಗೂ ಒಂದು ಮಾತು ಸಿಗತೈತಿ. ಇದಽ ನಿನ್ನ ಪರೀಕ್ಷಾ ಅಂತ ತಿಳಕೋ."

"ಖರೇನ?"

"ನಿನಗ ಸುಳ್ಳು ಹೇಳ್ತೀನೇನಲೇ ನಾನು?"

ಸುಳ್ಳು ಹೇಳಲಿಲ್ಲ, ನಿಜ. ತಾನು ಹೇಳಿದ್ದನ್ನು ಅವನು ನಂಬಿದ್ದ. ಸುಳ್ಳು ಹೇಳಿದ್ದರೆ ಲಕ್ಷ್ಮಣ್ ಗೆಳೆಯನ ಮುಖ ನೋಡಿಯೇ ಗುರುತಿಸುತ್ತಿದ್ದನೇನೋ. ಅವನು ಚಪ್ಪಲಿ ಬಿಟ್ಟ, ಅಜ್ಜನ ಹಗೇವಿಗೆ ಕೈ ಮುಗಿದ, ಕಾಲುವೆಗೆ ಇಳಿಯಲು ತಂದಿದ್ದ ಕಬ್ಬಿಣದ ಏಣಿಯನ್ನು ಒಳಗೆ ಬಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಇಳಿದ.

ತಲೆ ನೆಲಮಟ್ಟಕ್ಕೆ ಬಂದಾಗ ಮೇಲೆ ನೋಡಿ ನಕ್ಕ. ಇನ್ನೂ ಕೆಳಗೆ ಹೋದ. "ಬೆಚ್ಚಗೈತಿ ಲೇ," ಎನ್ನುವುದು ಕೇಳಿಸಿತು. ಗುರುಲಿಂಗ ಬಗ್ಗಿ ನೋಡಿದ. ಲಕ್ಷ್ಮಣ್ ತಳ ಮುಟ್ಟಿದ್ದ. ಕಾಳು ಬಾಚಲು ಬಗ್ಗಿದ. ಬಗ್ಗಿದವನು ಮೊಣಕಾಲೂರಿದ, ಮೊಣಕಾಲೂರಿದವನು ಹಾಗೇ ಮುಂದಕ್ಕೆ ವಾಲಿ ಮಲಗಿಬಿಟ್ಟ. ಕೂಗಲಿಲ್ಲ, ಒದ್ದಾಡಲಿಲ್ಲ.

"ಲಕ್ಷ್ಮಣಾ! ಏ ಲಕ್ಷ್ಮಣಾ!"

ಗುರುಲಿಂಗ ಏಣಿಗೆ ಕಾಲಿಟ್ಟಿದ್ದ. ಹಿಂದಿನಿಂದ ಖಂಡಪ್ಪನ ಕೈ ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿತು. ತಂದಿದ್ದ ಬೇವಿನ ಕೊಂಬೆ ಪಕ್ಕದಲ್ಲಿ ಬಿದ್ದಿತ್ತು. "ನೀನೂ ಇಳಿದ್ರ ಎರಡಾಗತಾವ, ನಿನ್ನ ಎತ್ತಾಕ ಇಳಿದ್ರ ಮೂರು! ಹಿಂಗಽ ಸಾಯ್ತಾರ ಮಂದಿ!" ಎಂದು ಮುದುಕ ಕಿರುಚಿದ. ಓಡಿ ಬಂದ ಕಲ್ಯಾಣ್ ಬಗ್ಗಿ ನೋಡಿ "ಅಯ್ಯೋ, ಅಯ್ಯೋ" ಎಂದು ತಲೆ ಹಿಡಿದುಕೊಂಡ.

ಹಾಲ್‌ನ ಮುಂಕೋಣೆಯಲ್ಲಿ ಅಪಾಯಕ್ಕೆಂದು ಉಸಿರಿನ ಸಿಲಿಂಡರು, ಮುಖವಾಡ ಇಟ್ಟಿರುತ್ತಾರೆ. ಗುರುಲಿಂಗ ಎದ್ದು ಅತ್ತ ಓಡಿದ. ಬಾಗಿಲ ಮುಂದೆ ಮುಖ ತೋರಿಸಿದ. ಕೆಂಪು ದೀಪ. ಬೆವರು ಒರೆಸಿಕೊಂಡು ಮತ್ತೆ ತೋರಿಸಿದ. ಮುಖ ಗುರುತು ಸಿಕ್ಕಿತು, ಆದರೆ ಈಗ ನಿಮ್ಮ ಪಾಳಿ ಅಲ್ಲ ಎಂದಿತು ಬಾಗಿಲು. ಕಾವಲುಗಾರರನ್ನು ಕಂಪನಿ ಹಿಂದಿನ ತಿಂಗಳೇ ತೆಗೆದು, ಈ ಕೆಲಸವನ್ನೂ ಹೈದರಾಬಾದಿಗೆ ಒಪ್ಪಿಸಿತ್ತು. ಬಾಗಿಲ ಪಕ್ಕದ ಬಟನ್ ಒತ್ತಿದಾಗ ಒಂದು ಹೆಣ್ಣುದನಿ ಬಂತು.

"ನಮಸ್ಕಾರಂ. ನಿಮ್ಮ ದೂರಿನ ಟಿಕೆಟ್ ನಂಬರು ಹೇಳಿ."

"ಮೇಡಂ, ಮನುಷ್ಯ ಬಿದ್ದಿದ್ದಾನೆ. ಗುಂಡಿಯಲ್ಲಿ. ಬಾಗಿಲು ತೆಗೀರಿ!"

"ಹಾಲ್‌ನಲ್ಲಿ ಯಾರೂ ಬಿದ್ದಿಲ್ಲ ಸರ್. ಕ್ಯಾಮೆರಾದಲ್ಲಿ ಎಲ್ಲ ಸರಿಯಾಗಿದೆ."

"ಹಾಲ್‌ನಲ್ಲಲ್ಲ, ಹೊರಗೆ!"

"ಹೊರಗಿನದಕ್ಕೆ ಒಳಗಿನ ಸಾಮಾನು ಕೊಡಲು ಮೇಲಿನವರ ಅನುಮತಿ ಬೇಕು ಸರ್. ದಯವಿಟ್ಟು ಲೈನ್‌ನಲ್ಲಿರಿ."

ಲೈನಿನಲ್ಲಿ ಸಂಗೀತ ಶುರುವಾಯಿತು. ಗುರುಲಿಂಗ ಬಾಗಿಲಿಗೆ ಒದ್ದ, ತಲೆ ಚಚ್ಚಿಕೊಂಡ, ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಮೂರೂ ಭಾಷೆಯಲ್ಲಿ ಬೈದ. ಆ ಹೆಂಗಸಿನದೂ ತಪ್ಪಿಲ್ಲ, ಅವಳಿಗೆ ಕಾಣುತ್ತಿದ್ದದ್ದು ನೆಮ್ಮದಿಯಾಗಿ ಮಿನುಗುವ ಯಂತ್ರಗಳು ಮಾತ್ರ. ಕೊನೆಗೆ ಅನುಮತಿ ಬಂತು, ಬಾಗಿಲು ತೆರೆಯಿತು. ಅವನು ಸಿಲಿಂಡರು ಬೆನ್ನಿಗೆ ಹಾಕಿ, ಪಕ್ಕದಲ್ಲಿ ತೂಗುತ್ತಿದ್ದ ಗಾಳಿ ಮೀಟರನ್ನು ಅಭ್ಯಾಸಬಲದಿಂದ ಸೊಂಟಕ್ಕೆ ಸಿಕ್ಕಿಸಿ ಓಡಿದ.

ಮುಖವಾಡ ಹಾಕಿಕೊಂಡು ಏಣಿ ಇಳಿಯುವಾಗ ಮೀಟರ್ ಚೀರತೊಡಗಿತು. ತಳಕ್ಕೆ ಬಂದು ಅದರ ಮುಖ ನೋಡಿದ. ಮೂರು. ಹದಿನೈದಲ್ಲ, ಹತ್ತೂ ಅಲ್ಲ, ಮೂರು. ಹದಿನೈದಕ್ಕೂ ದೀಪ ಆರುತ್ತದೆ, ಮೂರಕ್ಕೂ ಆರುತ್ತದೆ, ಎಷ್ಟಕ್ಕೆ ಆರಿದೆ ಎಂದು ದೀಪ ಹೇಳುವುದಿಲ್ಲ. ಹೇಳುವುದಿಲ್ಲವಾದ್ದರಿಂದಲೇ ಹಳಬರು ಇಳಿಯುತ್ತಿರಲಿಲ್ಲ. ಅವನಿಗೆ ಇದು ಅಲ್ಲಿ, ಆಗ, ಲಕ್ಷ್ಮಣನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಾಗ ತಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಈ ಮೀಟರ್ ಮೊದಲೇ ತರಬಹುದಿತ್ತು. ಅಂಥದೊಂದು ಬೇಕು ಎಂದೇ ಅವನಿಗೆ ಅನ್ನಿಸಿರಲಿಲ್ಲ.

ಚೀಲ ಖಾಲಿ ಇತ್ತು. ಸುತ್ತ ಜೋಳ ಎನ್ನುವುದೇ ಇರಲಿಲ್ಲ, ಕರ್ರನೆ ಬೂದಿಯಂಥ ಹುಡಿ ಮಾತ್ರ. ಅವನು ಹಗ್ಗ ಕಟ್ಟಿದ, ಮೇಲಿನವರು ಎಳೆದರು. ನಾರಾಯಣಪೇಟೆಯ ಆಸ್ಪತ್ರೆಗೆ ಒಯ್ದರು. ಅಲ್ಲಿಯ ಡಾಕ್ಟರರು ಕೈ ಹಿಡಿದು ನೋಡಿ ಬಿಟ್ಟರು.

ಪಂಚನಾಮೆಯ ಹೊತ್ತಿಗೆ ಕಲ್ಯಾಣ್ ಗುರುಲಿಂಗನನ್ನು ಪಕ್ಕಕ್ಕೆ ಕರೆದ. ಅವನ ಕಣ್ಣೂ ಅತ್ತು ಕೆಂಪಾಗಿತ್ತು. "ನಾನು ಫೋನಲ್ಲಿದ್ದೆ, ಖಂಡಪ್ಪ ಶೆಡ್ಡಲ್ಲಿದ್ದ. ಅವನಾಗಿ ಇಳಿದ ಅನ್ನು. ಅದೇ ನಿಜ ಕದಾ?" ಎಂದ. ಇಳಿ ಎಂದವರು ಯಾರು ಎಂದು ಅವನು ಕೇಳಲಿಲ್ಲ. ಪೊಲೀಸರೂ ಕೇಳಲಿಲ್ಲ. ಬೇಲಿಯ ಮೇಲಿನ ಕ್ಯಾಮೆರಾಗಳಿಗೆ ಕಣ್ಣಿತ್ತು, ಕಿವಿ ಇರಲಿಲ್ಲ. ಕಂಪನಿಯ ವರದಿ ಎರಡೇ ಸಾಲು: ಕೂಲಿಕಾರ ಅನುಮತಿ ಇಲ್ಲದೆ, ಗಾಳಿಯನ್ನು ಪರೀಕ್ಷಿಸದೆ ಗುಂಡಿಗೆ ಇಳಿದಿದ್ದಾನೆ. ದೀಪ ಬಿಟ್ಟಿದ್ದ ಖಂಡಪ್ಪನನ್ನು ಕಂತ್ರಾಟುದಾರ ಮರುದಿನವೇ ಧನ್ವಾಡದ ಬೇರೊಂದು ಕೆಲಸಕ್ಕೆ ಅಟ್ಟಿಬಿಟ್ಟ. ಹಗೇವಿಗೆ ಕಾಂಕ್ರೀಟು ಬಿತ್ತು.

ಗುರುಲಿಂಗ ಪಾಳಿಗೆ ಹೋಗುತ್ತಿದ್ದ, ಬರುತ್ತಿದ್ದ. ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನಪ್ಪ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುತ್ತಿದ್ದ. ಯಾರಾದರೂ ತನ್ನನ್ನು ಹಿಡಿದು ಬಡಿಯಲಿ ಎಂದು ಅವನಿಗೆ ಅನ್ನಿಸುತ್ತಿತ್ತು, ಬಡಿಯುವವರು ಯಾರೂ ಬರಲಿಲ್ಲ. ದಿನಕರ್ಮ ಮುಗಿದ ಮಾರನೇ ಸಂಜೆ ತಾನೇ ಜಮ್ಮುಲಮ್ಮನ ಮನೆಗೆ ಹೋದ.

ಕಟ್ಟೆಯ ಮೇಲೆ ನೆರೆಯವರು ನಾಲ್ಕು ಜನ ಕೂತಿದ್ದರು. ಜಮ್ಮುಲಮ್ಮ ಕಂಬಕ್ಕೆ ಒರಗಿದ್ದಳು. ಇವನನ್ನು ನೋಡಿ, "ಬಾಪ್ಪ, ಗುರುಲಿಂಗ. ಅವನ್ನ ಎತ್ತಿ ತಂದಾವ ನೀನು. ನಿನ್ನ ಋಣ ದೊಡ್ಡದು," ಎಂದಳು. ಅವಳು ಬೈದಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಅವನು ಅವಳ ಕಾಲ ಬಳಿ ಕೂತ. "ಅವ್ವ, ಒಂದು ಮಾತು ಹೇಳಬೇಕು. ನಾವು ದೀಪ ಬಿಟ್ಟಿದ್ವಿ. ದೀಪ ಆರಿತ್ತು. ಅವ ಬ್ಯಾಡ ಅಂದ. ನಾನಽ ಇಳಿ ಅಂದೆ. ನಮ್ಮ ಹಾಲ್‌ನಾಗೂ ಹಿಂಗೇ ಇರತೈತಿ, ಏನೂ ಆಗಾಂಗಿಲ್ಲ ಅಂದೆ."

ಜಮ್ಮುಲಮ್ಮ ಕಂಬ ಬಿಟ್ಟು ನೆಟ್ಟಗೆ ಕೂತಳು.

"ಸುಳ್ಳು," ಎಂದಳು. "ಕಂಪನಿಯವರು ಕಲಿಸಿ ಕಳಿಸ್ಯಾರೇನು? ಮೊದಲು ದೀಪಾನೇ ಬಿಡಲಿಲ್ಲ ಅಂದ್ರು. ಈಗ ಆರಿದ ಮ್ಯಾಲ ಇಳದ ಅಂತೀರಿ. ನನ್ನ ಮಗ ದಡ್ಡ ಅಂತ ಊರಿಗೆ ಸಾರಾಕ ಬಂದೀಯೇನು?"

"ಅಲ್ಲವ್ವ, ತಪ್ಪು ನಂದು..."

"ದೀಪ ಆರಿದ್ರ ಬರಬೇಕು ಅಂತ ನಾ ಹೇಳೀನಿ. ಅವ ನನ್ನ ಮಾತು ಮೀರಾವಲ್ಲ." ಅವಳು ಅವನ ಅಂಗಿಯ ಎದೆ ಹಿಡಿದಳು. "ದೀಪ ಉರೀತಿತ್ತು. ಉರೀತಿತ್ತು ಅಂತ ಹೇಳು. ದೀಪ ಉರೀತಿತ್ತು, ಅವನ ಟೈಮು ಬಂದಿತ್ತು, ಹೋದ. ಹೇಳು."

ಅವಳ ಮುಖ ನೋಡಿ ಗುರುಲಿಂಗನಿಗೆ ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಮಗನನ್ನು ಕಳೆದುಕೊಂಡವಳಿಗೆ ಇಷ್ಟಾದರೂ ಸಿಗಲಿ, ತನ್ನ ಮನಸ್ಸಿನ ಭಾರ ಇಳಿಸಲು ಇವಳ ಆಸರೆ ಏಕೆ ಕೀಳಬೇಕು ಎನ್ನಿಸಿತು.

"ಉರೀತಿತ್ತವ್ವ," ಎಂದ.

"ಕೇಳಿದ್ರೇನು?" ಎಂದು ಅವಳು ಕಟ್ಟೆಯವರ ಕಡೆ ತಿರುಗಿದಳು. "ದೀಪ ಉರೀತಿತ್ತಂತ. ಎತ್ತಿ ತಂದಾವನೇ ಹೇಳ್ತಾನ." ಅಂಗಿ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ದಿನದಲ್ಲಿ ಮೊದಲ ಸಲ ನೀರು ಕೇಳಿ ಕುಡಿದಳು.

ಕಟ್ಟೆಯಲ್ಲಿ ಕೂತವರಲ್ಲಿ ಪರಮೇಶ ಎಂಬವನಿದ್ದ, ಪಕ್ಕದ ಮನೆಯವನು. ಕಂಪನಿಯ ಮೂರನೇ ಹಂತಕ್ಕೆ ಅವನ ಹಿತ್ತಲೂ ಸೇರಿತ್ತು. ಹಿತ್ತಲಲ್ಲಿ ಅವನಪ್ಪನ ಕಾಲದ ಹಗೇವಿತ್ತು. ಅವನು ಎಲೆ ಅಡಿಕೆ ಉಗಿದು, ತಲೆಯಾಡಿಸಿ, "ಹಂಗಾದ್ರ ದೀಪ ನೋಡೋದ್ರಾಗ ಏನೂ ಇಲ್ಲ ಬಿಡ್ರಿ," ಎಂದ. "ಉರದ್ರೂ ಸಾಯ್ತಾರ, ಆರಿದ್ರೂ ಸಾಯ್ತಾರ. ಎಲ್ಲಾ ಶಿವನ ಚಿತ್ತ. ನಾಳಿ ನಮ್ಮದೂ ತೆಗಿಯೋದೈತಿ. ನಮ್ಮ ಹುಡುಗೂರು ದೀಪ ಆರಿತು ಅಂತ ಎರಡು ದಿನದಿಂದ ಸುಮ್ಮನ ಕುಂತಾವ. ಇಳಿದ್ಬಿಡ್ರಿ ಅಂತೀನಿ."

ಪರಮೇಶನ ಇಬ್ಬರು ಗಂಡುಮಕ್ಕಳನ್ನೂ ಗುರುಲಿಂಗ ಬಲ್ಲ. ಜಮ್ಮುಲಮ್ಮನನ್ನು ನೋಡಿದ. ಅವಳು ಲೋಟ ಹಿಡಿದುಕೊಂಡು, ಕಣ್ಣು ಮುಚ್ಚಿ, ಸಮಾಧಾನವಾಗಿ ಕೂತಿದ್ದಳು. ಸುಮ್ಮನಿದ್ದುಬಿಡೋಣ, ನಾಳೆ ಬೆಳಿಗ್ಗೆ ಪರಮೇಶನಿಗೆ ಒಬ್ಬನಿಗೇ ಗುಟ್ಟಾಗಿ ಹೇಳೋಣ ಎಂದುಕೊಂಡ. ಆದರೆ ಪರಮೇಶ ಒಬ್ಬನೇ ಅಲ್ಲ, ಉಳಿದ ಮೂವರೂ ತಲೆಯಾಡಿಸುತ್ತಿದ್ದರು. ಮಾತು ಆಗಲೇ ಕಟ್ಟೆಯಿಂದ ಇಳಿದು ಬೀದಿಗೆ ಹೊರಟಿತ್ತು.

ಅವನು ಎದ್ದು ನಿಂತ.

"ಇಳಿಸಬ್ಯಾಡ್ರಿ," ಎಂದ. "ಈಗ ನಾ ಹೇಳಿದ್ದು ಸುಳ್ಳು. ಮೊದಲು ಹೇಳಿದ್ದು ಖರೇ. ದೀಪ ಆರಿತ್ತು. ಬಕೀಟು ಹೊಟ್ಟಿಗೆ ಇಳಿತಿದ್ದಂಗಽ ಆರಿತ್ತು. ಆಮ್ಯಾಲ ಮೀಟರ್ ಹಿಡಿದು ನೋಡೀನಿ, ಮೂರು ಇತ್ತು. ಖಂಡಪ್ಪ ಮೇಸ್ತ್ರಿ ಬ್ಯಾಡ ಅಂದಿದ್ದ, ಲಕ್ಷ್ಮಣನೂ ಬ್ಯಾಡ ಅಂದಿದ್ದ. ಧನ್ವಾಡಕ್ಕ ಹೋಗಿ ಮೇಸ್ತ್ರಿನ ಕೇಳ್ರಿ ಬೇಕಾದ್ರ. ದೀಪ ಆರಿದ್ರ ಇಳಿಸಬ್ಯಾಡ್ರಿ, ಪರಮೇಶಣ್ಣ, ನಿನ್ನ ಕಾಲು ಹಿಡೀತೀನಿ."

ಪರಮೇಶ ಎದ್ದು, ಚಪ್ಪಲಿ ಮೆಟ್ಟಿಕೊಂಡು, ತನ್ನ ಮನೆಯ ಕಡೆ ಅವಸರದಲ್ಲಿ ಹೋದ.

ಗುರುಲಿಂಗ ಜಮ್ಮುಲಮ್ಮನ ಮುಂದೆ ಮತ್ತೆ ಕೂತ. ಈಗ ಬಡಿಯುತ್ತಾಳೆ, ಶಪಿಸುತ್ತಾಳೆ ಎಂದು ತಲೆ ತಗ್ಗಿಸಿ ಕಾದ. ಅದಕ್ಕಾಗಿಯೇ ಬಂದಿದ್ದವನು ಅವನು.

ಅವಳ ಕೈಯಿಂದ ಲೋಟ ಉರುಳಿ ನೀರು ಸೀರೆಯ ಮೇಲೆ ಚೆಲ್ಲಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ.

"ಆರಿತ್ತು," ಎಂದಳು.

"ಹೌದವ್ವ."

"ಆರಿದ್ರೂ ಇಳದಾ."

"ನನ್ನ ಮಾತಿಗೆ ಇಳದಾನವ್ವ. ನಾ ಇಳಿ ಅಂದೆ."

ಅವಳು ಅವನ ಕಡೆ ನೋಡಲೇ ಇಲ್ಲ. "ಒಂದು ಹಿಡಿ ಜೋಳ ತಗೊಂಡು ಬಾ ಅಂತ ಅತ್ತೆನಲ್ಲೋ ಫೋನಿನಾಗ," ಎಂದಳು. "ಅವ್ವ ಅಳ್ತಾಳ ಅಂತ ಇಳದಾನ. ನನ್ನ ಸಲುವಾಗಿ ಇಳದಾನ ನನ್ನ ಕೂಸು."

"ಅಲ್ಲವ್ವ, ನನ್ನ ಮಾತಿಗೆ. ನನ್ನ ಮಾತಿಗೆ ಇಳದಾನ. ಕೇಳವ್ವ!" ಗುರುಲಿಂಗ ಅವಳ ಎರಡೂ ಕೈ ಹಿಡಿದು ಅಲುಗಿಸಿದ, ಮತ್ತೆ ಮತ್ತೆ ಅದನ್ನೇ ಹೇಳಿದ. ಅವಳು ಕೇಳಿಸಿಕೊಳ್ಳಲಿಲ್ಲ.